ತಲಪಾಡಿಯ ಆಚೆ ಈಚೆ ಬೀಡಿಯ ಮಜೂರಿ

ಬೀಡಿಯೂ ಅದೇ, ಎಲೆಯೂ ಅದೇ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ ಮಾತ್ರಕ್ಕೆ ಬೀಡಿ ಕಟ್ಟುವ ಮಜೂರಿ ಏಕೆ ಬದಲಾಗಬೇಕು ಎಂದು ಕೇಳಿದ್ದೀರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1948ರ ಕನಿಷ್ಠ ವೇತನ ಕಾಯ್ದೆ ಬೀಡಿಯಂತಹ ಉದ್ಯೋಗಗಳಿಗೆ ದರ ನಿಗದಿ ಮಾಡುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿತ್ತು. ಹಾಗಾಗಿ ಸಾವಿರ ಬೀಡಿಗೆ ಇಷ್ಟು ಎಂಬ ಮಾತು ಕಾಸರಗೋಡಿನ ನಮಗೆ ತಿರುವನಂತಪುರದಿಂದ ಬರುತ್ತದೆ, ಗಡಿಯಾಚೆ ಕರ್ನಾಟಕದ ಉಳ್ಳಾಲದವರಿಗೆ ಬೆಂಗಳೂರಿನಿಂದ. ತುಟ್ಟಿಭತ್ಯೆಯ ಲೆಕ್ಕವೂ ಬೇರೆ ಬೇರೆ.

ಆದರೆ ಗಡಿ ಇರುವುದು ಕಾರ್ಮಿಕರಿಗೆ ಮಾತ್ರ, ಕಂಪನಿಗಳಿಗಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯನ್ನು ಕೇರಳ 1968ರಲ್ಲಿ ಬಿಗಿಯಾಗಿ ಜಾರಿಗೆ ತಂದಾಗ, ಮಂಗಳೂರು ಮೂಲದ ದೊಡ್ಡ ಕಂಪನಿಯೊಂದು ಇಲ್ಲಿನ ಕೆಲಸ ನಿಲ್ಲಿಸಿ ಹೊರಟೇಬಿಟ್ಟಿತು. ಸುಮಾರು ಹನ್ನೆರಡು ಸಾವಿರ ಜನರ ಅನ್ನ ಹೋಯಿತು. ಕಣ್ಣೂರಿನಲ್ಲಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು ಈ ಕಾರಣಕ್ಕೇ. ಎಲೆ, ಹೊಗೆಸೊಪ್ಪು, ನೂಲು, ಕತ್ತರಿ ಇದ್ದರೆ ಯಾವ ಮನೆಯ ಜಗಲಿಯೂ ಕಾರ್ಖಾನೆಯೇ. ಅಂತಹ ಉದ್ಯೋಗಕ್ಕೆ ಹತ್ತು ಮೈಲಿ ಆಚೆ ಹೋಗುವುದು ಕಷ್ಟವೇ? ಒಂದು ರಾಜ್ಯ ಒಳ್ಳೆಯ ದರ ಕೊಡಿಸಿದರೆ ಎಲೆಯ ಮೂಟೆ ಪಕ್ಕದ ರಾಜ್ಯದ ಬ್ರಾಂಚಿನಲ್ಲಿ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ಪಡೆಯುವ ಕಂಪನಿಯ ಕೇಂದ್ರದಲ್ಲಿ, ಇಳಿಯುತ್ತದೆ. ಗಡಿನಾಡಿನಲ್ಲಿ ಮಜೂರಿಯ ಮಾತು ಎತ್ತಿದಾಗಲೆಲ್ಲ ಈ ಹೆದರಿಕೆ ಮುಂದೆ ಬಂದು ನಿಲ್ಲುತ್ತದೆ.

ಎಲ್ಲರ ಕೂಲಿಯೂ ಹೀಗೆಂದು ತಿಳಿಯಬೇಡಿ. ಅಡಿಕೆ ಕೊಯ್ಯುವವರು, ತೆಂಗಿನ ಮರ ಹತ್ತುವವರು ಸರ್ಕಾರದ ದರವನ್ನು ಕೇಳುವುದೇ ಇಲ್ಲ; ಅವರು ಹೇಳಿದ್ದೇ ದರ, ಅವರು ಬರುವುದೇ ನಮ್ಮ ಭಾಗ್ಯ. ಕನಿಷ್ಠ ವೇತನ ಬೇಕಾಗಿರುವುದು ಮಾತಾಡುವ ಬಲ ಇಲ್ಲದವರಿಗೆ: ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರಿಗೆ, ಮಂಜೇಶ್ವರದಿಂದ ದಿನಾ ಬಸ್ಸಿನಲ್ಲಿ ಮಂಗಳೂರಿನ ಅಂಗಡಿಗಳಿಗೆ ಹೋಗುವ ಹುಡುಗಿಯರಿಗೆ. ಆ ಹುಡುಗಿಯರ ಮನೆ ಕೇರಳದಲ್ಲಿದ್ದರೂ ಅವರಿಗೆ ಅನ್ವಯಿಸುವುದು ಕರ್ನಾಟಕದ ದರ.

ಈಗ ಹೊಸ ವೇತನ ಸಂಹಿತೆ ಬಂದಿದೆ. ಸಂಸತ್ತು 2019ರಲ್ಲೇ ಒಪ್ಪಿದ್ದು, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಳೆಯ ನಾಲ್ಕು ಕಾಯ್ದೆಗಳು ಅದರೊಳಗೆ ಸೇರಿವೆ. ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನ ಎಂಬ ನಿಯಮ ಹೋಯಿತು. ಅದು ನಿಜಕ್ಕೂ ಒಳ್ಳೆಯ ಬದಲಾವಣೆ. ಇನ್ನೊಂದು, ಕೇಂದ್ರವೇ ಒಂದು ತಳಮಟ್ಟದ ವೇತನ ನಿಗದಿ ಮಾಡಬೇಕು, ಯಾವ ರಾಜ್ಯವೂ ಅದಕ್ಕಿಂತ ಕೆಳಗಿಳಿಯುವಂತಿಲ್ಲ.

ಕಾಗದದ ಮೇಲೆ ಇದು ನಮ್ಮ ರೋಗಕ್ಕೇ ಬರೆದ ಮದ್ದು. ನನಗೆ ಅನುಮಾನ. 1996ರಲ್ಲಿ ದಿನಕ್ಕೆ 35 ರೂಪಾಯಿ ಎಂದು ಆರಂಭವಾದ ರಾಷ್ಟ್ರೀಯ ತಳಮಟ್ಟ 2017ರಲ್ಲಿ ಏರಿದ್ದು 176ಕ್ಕೆ. ಅದಕ್ಕೆ ಕಾನೂನಿನ ಬಲವೂ ಇರಲಿಲ್ಲ. ಈಗ ಬಲ ಬಂದಿದೆ, ಸರಿ. ಆದರೆ ಅಂಕಿ ಅಷ್ಟೇ ಕೆಳಗಿದ್ದರೆ ಎರಡೂ ರಾಜ್ಯಗಳ ದರ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಸಾಲದ್ದಕ್ಕೆ, ಪ್ರದೇಶಕ್ಕೊಂದು ತಳಮಟ್ಟ ಇಡುವುದಕ್ಕೂ ಸಂಹಿತೆಯಲ್ಲಿ ಅವಕಾಶವಿದೆ. ಸಂಹಿತೆ ಜಾರಿಗೆ ಬಂದಾಗ ಕೇರಳ ಸರ್ಕಾರವಂತೂ ಅದನ್ನು ಬಹಿರಂಗವಾಗಿಯೇ ವಿರೋಧಿಸಿತ್ತು.

ನಿಮ್ಮ ಕಡೆಯ ನೆಂಟರು ಯಾರಾದರೂ ಇಲ್ಲಿ ಬೀಡಿ ಕಟ್ಟುತ್ತಿದ್ದರೆ ಒಂದು ಮಾತು ತಿಳಿಸಿ. ಬ್ರಾಂಚ್ ಎಲ್ಲಿಯದೇ ಇರಲಿ, ಕೆಲಸ ಯಾವ ರಾಜ್ಯದ ನೆಲದಲ್ಲಿ ನಡೆಯುತ್ತದೆಯೋ ಆ ರಾಜ್ಯದ ದರವನ್ನೇ ಕೇಳಬೇಕು. ದರದ ಅಧಿಸೂಚನೆ ಮಲಯಾಳದಲ್ಲಿದೆ ಎಂದು ಸುಮ್ಮನಾಗುವುದೂ ಬೇಡ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು.