ಟಿ ಕೋಶದ ಲಿಂಫೋಮಾಕ್ಕೆ ‘ಚಾಪ್’ ಬಿಟ್ಟರೆ ಬೇರೆ ಚಿಕಿತ್ಸೆ ಇಲ್ಲವೇ?

ನಿಮ್ಮ ಅಣ್ಣನವರಿಗೆ ಉಗ್ರ ಸ್ವರೂಪದ ಟಿ ಕೋಶದ ಲಿಂಫೋಮಾ (ಟಿ ಕೋಶ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಪತ್ತೆಯಾಗಿದೆ, ನಾಲ್ಕು ಔಷಧಗಳನ್ನು ಸೇರಿಸಿ ಕೊಡುವ ಹಳೆಯ ‘ಚಾಪ್’ ಕಿಮೋ ಬಿಟ್ಟು ಹೊಸದೇನಾದರೂ ಇದೆಯೇ ಎಂದು ಕೇಳಿದ್ದೀರಿ. ಇದೆ. ಆದರೆ ಔಷಧದ ಹೆಸರು ಹುಡುಕುವ ಮೊದಲು ಬಯಾಪ್ಸಿ ವರದಿಯನ್ನು ಕೈಗೆತ್ತಿಕೊಳ್ಳಿ. ನಾನು ವೈದ್ಯಳಲ್ಲ, ನನ್ನ ತಮ್ಮನಿಗೆ ಇದೇ ಗುಂಪಿನ ಕಾಯಿಲೆ ಬಂದಾಗ ಜೊತೆಗಿದ್ದವಳು. ‘ಸಿಡಿ30 ಪಾಸಿಟಿವ್’ ಎಂಬ ಒಂದು ಸಾಲು ಅವನ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು.

ಸಿಡಿ30 ಕೆಲವು ಲಿಂಫೋಮಾ ಕೋಶಗಳ ಮೈಮೇಲಿರುವ ಪ್ರೋಟೀನ್. ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಔಷಧ ಅದಕ್ಕೆ ಅಂಟಿಕೊಂಡು, ತಾನು ಹೊತ್ತು ತಂದ ವಿಷವನ್ನು ಕೋಶದೊಳಗೇ ಬಿಡುತ್ತದೆ. 452 ರೋಗಿಗಳ ಎಶೆಲಾನ್-2 ಪ್ರಯೋಗದಲ್ಲಿ, ಚಾಪ್‌ನಲ್ಲಿರುವ ವಿನ್‌ಕ್ರಿಸ್ಟಿನ್ ತೆಗೆದು ಇದನ್ನು ಸೇರಿಸಿದ್ದರು. ಐದು ವರ್ಷಗಳ ಲೆಕ್ಕದಲ್ಲಿ ಬದುಕುಳಿದವರ ಪ್ರಮಾಣ ಸುಮಾರು 70%. ಚಾಪ್ ಪಡೆದವರಲ್ಲಿ 61%. ಆದರೆ ಅಲ್ಲಿದ್ದವರಲ್ಲಿ ಬಹುಪಾಲು ಮಂದಿಗೆ ಇದ್ದದ್ದು ಈ ಲಿಂಫೋಮಾದ ಅನಾಪ್ಲಾಸ್ಟಿಕ್ ಎಂಬ ಒಂದು ಉಪಬಗೆ. ಉಳಿದ ಬಗೆಗಳಿಗೆ ಅಷ್ಟೇ ಭರವಸೆ ಕೊಡಲಾಗದು.

ಇದಕ್ಕೂ ತೆರಬೇಕಾದ ಬೆಲೆಯಿದೆ. ಮೂರನೆಯ ಸುತ್ತಿನ ಹೊತ್ತಿಗೆ ತಮ್ಮನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಅಂಗಿಯ ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ಔಷಧ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದ ಅವನು ಅದನ್ನು ಮುಚ್ಚಿಟ್ಟಿದ್ದ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ; ಬೇಗ ಹೇಳಿದರೆ ಪ್ರಮಾಣ ತಗ್ಗಿಸಿ ಮುಂದುವರಿಸುವ ಅವಕಾಶವಿರುತ್ತದೆ.

ಉಪಬಗೆ ಬೇರೆಯಾದರೆ ಮದ್ದೂ ಬೇರೆ. ಮೂಗಿನ ಭಾಗದಲ್ಲಿ ಕಾಣಿಸಿಕೊಳ್ಳುವ ಎನ್‌ಕೆ/ಟಿ ಬಗೆಗೆ ಚಾಪ್ ಸರಿಯಾಗಿ ನಾಟುವುದಿಲ್ಲ, ಆಸ್ಪರಾಜಿನೇಸ್ ಇರುವ ಕಿಮೋ ಬೇಕು. ಎಎಲ್‌ಕೆ ಪಾಸಿಟಿವ್ (ಕೋಶಗಳಲ್ಲಿ ಆ ಹೆಸರಿನ ಪ್ರೋಟೀನ್ ಇರುವ) ಅನಾಪ್ಲಾಸ್ಟಿಕ್ ಬಗೆ ಮರುಕಳಿಸಿದ ಮಕ್ಕಳಿಗೆ ಮತ್ತು ಯುವಕರಿಗೆ ಕ್ರಿಜೋಟಿನಿಬ್ ಮಾತ್ರೆಯನ್ನು ಅಮೆರಿಕ 2021ರಲ್ಲಿ ಒಪ್ಪಿತು. ಹೊಸದೆಲ್ಲ ಗೆಲ್ಲುತ್ತದೆ ಎಂದೂ ಅಲ್ಲ: ಮರುಕಳಿಸಿದವರಲ್ಲಿ ಆಸೆ ಹುಟ್ಟಿಸಿದ್ದ ರೊಮಿಡೆಪ್ಸಿನ್ ಅನ್ನು ಚಾಪ್ ಜೊತೆ ಸೇರಿಸಿದಾಗ, ಕಾಯಿಲೆ ತಡೆಯುವ ಅವಧಿ ಗಮನಾರ್ಹವಾಗಿ ಹೆಚ್ಚಲಿಲ್ಲ.

ರೋಗಿಯ ಟಿ ಕೋಶಗಳನ್ನೇ ತೆಗೆದು, ಕ್ಯಾನ್ಸರ್ ಕೊಲ್ಲುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಯ ಬಗ್ಗೆಯೂ ಕೇಳಿದ್ದೀರಿ. ಬಿ ಕೋಶದ ಲಿಂಫೋಮಾದಲ್ಲಿ ಅದು ಬಹಳ ಜನರನ್ನು ಉಳಿಸಿದೆ. ಇಲ್ಲಿ ತೊಡಕು ಎಂದರೆ, ಕೊಲ್ಲಬೇಕಾದದ್ದೂ ಟಿ ಕೋಶ, ಕೊಲ್ಲಲು ಕಳುಹಿಸುವುದೂ ಟಿ ಕೋಶ. ಎರಡರ ಮೇಲೂ ಸಿಡಿ5, ಸಿಡಿ7ನಂಥ ಗುರುತುಗಳಿರುವುದರಿಂದ ಅವು ತಮ್ಮತಮ್ಮನ್ನೇ ಕೊಂದುಕೊಳ್ಳಬಹುದು. ಆ ಗುರುತನ್ನು ಅಳಿಸಿದ ಕೋಶಗಳ ಮೇಲೆ ಪ್ರಯೋಗಗಳು ನಡೆಯುತ್ತಿವೆ.

ಸಾಧ್ಯವಾದರೆ ಮೊದಲ ಕಿಮೋಗೆ ಮುಂಚೆಯೇ, ಲಿಂಫೋಮಾದಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್ ಆ ವರದಿಯನ್ನು ನೋಡಲಿ. ಸಿಡಿ30 ಪರೀಕ್ಷೆ ಆಗಿಲ್ಲವೆಂದಾದರೆ ಗಾಬರಿ ಬೇಡ. ಬಯಾಪ್ಸಿ ತುಣುಕನ್ನು ಮೇಣದ ಬ್ಲಾಕಿನಲ್ಲಿ ಕಾದಿಟ್ಟಿರುತ್ತಾರೆ, ಸಾಮಾನ್ಯವಾಗಿ ಅದರಿಂದಲೇ ಮಾಡಿಸಬಹುದು.