ದನಿ ಏರಿದರೆ ಬಾಯಿ ಕಟ್ಟುತ್ತದೆ

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸಾಹೇಬರು ದನಿ ಏರಿಸಿದರೆ ಬಾಯಿ ಕಟ್ಟುತ್ತದೆ. ಚಿಕ್ಕವನಿದ್ದಾಗ ಅಪ್ಪನ ಜೀಪಿನ ಸದ್ದು ಕೇಳಿದರೆ ಸೌದೆ ಕೊಟ್ಟಿಗೆಯಲ್ಲಿ ಅಡಗುತ್ತಿದ್ದೆ. ಸೈಕೋಡೈನಮಿಕ್ ಥೆರಪಿ ಅಂದರೆ ಸುಮ್ನೆ ಹಳೆಯದನ್ನು ಕೆದಕುವುದು ಅಲ್ವಾ?
– ಓದುಗ, ಕುಶಾಲನಗರ

ಉತ್ತರ: ಅಲ್ಲ. ಹಳೆಯ ಅನುಭವ ನಮಗೇ ಗೊತ್ತಿಲ್ಲದೆ ಇಂದು ನಮ್ಮನ್ನು ಹೇಗೆ ನಡೆಸುತ್ತಿದೆ ಎಂದು ಮಾತಿನ ಮೂಲಕ ಅರಿಯುವ ಚಿಕಿತ್ಸೆ ಅದು. ಆ ಕೊಟ್ಟಿಗೆಯಲ್ಲಿ ಉಸಿರು ಬಿಗಿಹಿಡಿದು ಕೂತದ್ದೇ ಅಂದು ನಿಮ್ಮನ್ನು ಕಾಪಾಡಿತು. ಮನಸ್ಸು ಇಂದಿಗೂ ಅದನ್ನೇ ಮಾಡುತ್ತಿದೆ, ನಿಮಗೇ ಗೊತ್ತಾಗದಂತೆ. ಥೆರಪಿಯಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು 50 ನಿಮಿಷ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತೀರಿ. ಒಂದು ದಿನ ಥೆರಪಿಸ್ಟ್ ಗಡಿಯಾರ ನೋಡಿದರೂ ಅವರಿಗೆ ಸಿಟ್ಟು ಬಂದಿದೆ ಅನಿಸಬಹುದು. ಅದನ್ನು ಅವರಿಗೇ ಹೇಳಿಬಿಡಿ. ಹಳೆಯ ಭಯ ಹೊಸಬರ ಮೇಲೆ ಬೀಳುವ ಇದನ್ನೇ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಟ್ರಾನ್ಸ್‌ಫರೆನ್ಸ್ ಅಂದರು. ಬದಲಾವಣೆ ಶುರುವಾಗುವುದು ಅಲ್ಲೇ ಎಂದು ನನ್ನ ಗಟ್ಟಿ ನಂಬಿಕೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಬೇಡ. ಮೊದಲು ಯಾರೊಂದಿಗಾದರೂ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ.