ಬೈಂಡರ್ ಬಿಚ್ಚಿಟ್ಟು ಚೀಲ ಎತ್ರಿ ಅಣ್ಣಾರ

ಪ್ರಶ್ನೆ: ಮೇಡಂ, ನನಗ 45 ವರ್ಷ, ಕಲಬುರಗಿಯೊಳಗ ಒಂದು ದಾಲ್ ಮಿಲ್‌ನಾಗ ಲೆಕ್ಕ ಬರೀತೀನಿ. ಹುಟ್ಟಿದಾಗ ಹೆಣ್ಣು ಅಂತ ಬರಸ್ಯಾರ, ಬದುಕ್ತಿರೋದು ಗಂಡಸಾಗಿ. ಹಾರ್ಮೋನ್ ತಗೊಂಡಿಲ್ಲ, ಎದಿ ಚಪ್ಪಟೆ ಕಾಣ್ಲಿ ಅಂತ ದಿನಾ ಬಿಗಿ ಬೈಂಡರ್ ಹಾಕ್ತೀನಿ. ಒಂದು ವರ್ಷದಿಂದ ತಿಂಗಳದ್ದು ಲೆಕ್ಕ ತಪ್ಪೇದ, ರಾತ್ರಿ ಮೈಯೆಲ್ಲ ಬೆವರು, ಮೊಣಕಾಲು ಹಿಡೀತಾವ. ಡಾಕ್ಟರ್ ಪೆರಿಮೆನೋಪಾಸ್, ಅಂದ್ರ ಮುಟ್ಟು ನಿಲ್ಲೋ ಮುಂಚಿನ ಹಂತ ಅಂದ್ರು, ಭಾರ ಎತ್ತೋ ವ್ಯಾಯಾಮ ಮಾಡ್ರಿ ಅಂದ್ರು. ಭಾರ ಎತ್ತಿದ್ರ ಬ್ಲೀಡಿಂಗ್ ಜಾಸ್ತಿ ಆಗ್ತದ ಅಂತಾರಲ್ಲ? ಮತ್ತ ಜಿಮ್‌ನಾಗ ಏನಂತ ಹೇಳ್ಲಿ?

ಉತ್ತರ: ಇಲ್ರಿ ಅಣ್ಣಾರ, ಭಾರ ಎತ್ತೋದ್ರಿಂದ ಬ್ಲೀಡಿಂಗ್ ಜಾಸ್ತಿ ಆಗಂಗಿಲ್ಲ, ಈ ವಯಸ್ಸಿನ್ಯಾಗ ಹಾರ್ಮೋನ್ ಏರಿಳಿತಕ್ಕೇ ಹಂಗ ಆಗೋದು. ಆದ್ರ ಏಳು ದಿನ ದಾಟಿದ್ರೂ ನಿಲ್ಲಲಿಲ್ಲ, ಗಂಟೆಗೊಂದು ಪ್ಯಾಡ್ ನೆನೀಲಿಕತ್ತದ ಅಂದ್ರ ಜಿಮ್ ಮಾತು ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗ್ರಿ. ಹೋದಾಗ ಹಿಮೋಗ್ಲೋಬಿನ್ನು ಥೈರಾಯ್ಡು ಎರಡೂ ನೋಡಸ್ರಿ, ಮೈಯಾಗ ರಕ್ತ ಕಮ್ಮಿ ಇದ್ರ ಏನು ಎತ್ತಿದ್ರೂ ಸುಸ್ತೇ.

ಡಾಕ್ಟರ್ ಯಾಕ ಹಂಗ ಹೇಳಿದ್ರು ಅಂದ್ರ, ನಮ್ಮ ಎಲುಬಿನ್ಯಾಗ ಹಳೇದು ಒಡಿಯೋದು ಹೊಸದು ಕಟ್ಟೋದು ದಿನಾ ನಡೀತದ, ಒಡಿಯೋದಕ್ಕ ಲಗಾಮು ಹಾಕೋದು ಈಸ್ಟ್ರೋಜನ್ ಅನ್ನೋ ಹಾರ್ಮೋನ್. ಮುಟ್ಟು ನಿಲ್ಲೋ ಹೊತ್ತಿಗೆ ಅದು ಇಳೀತು ಅಂದ್ರ ಒಡಿಯೋದು ಜೋರು, ಕಟ್ಟೋದು ಹಿಂದ. ಆಧಾರ್‌ನಾಗ ಏನ ಬರದಿರ್ಲಿ, ಎಲುಬಿಗೆ ಅದು ಗೊತ್ತಿಲ್ಲ. ಭಾರ ಎಳದಾಗ ಅದಕ್ಕ ಗಟ್ಟಿ ಆಗಬೇಕು ಅನ್ನೋ ಸುದ್ದಿ ಮುಟ್ಟತದ. ನಮ್ಮೂರ ಅಪ್ಪನ ಕೆರಿ ನಾಕು ಸುತ್ತು ನಡೀತೀನಿ ಅಂತಾರ ಭಾಳ ಮಂದಿ, ಹಾರ್ಟಿಗೆ ಚೊಲೋ, ಎಲುಬಿಗೆ ಅಷ್ಟು ಸಾಲಂಗಿಲ್ಲ.

ನಿಮ್ಮ ಮಿಲ್ಲಿನ ಪಳಗಿದ ಹಮಾಲರು ನೆಲದ ಚೀಲ ಎತ್ತೋದು ನೋಡ್ರಿ, ಚೀಲ ಮೈಗೆ ಹತ್ತಿಸ್ಕೊಂಡು, ಬೆನ್ನು ನೆಟ್ಟಗಿಟ್ಟು, ಟೊಂಕದಿಂದ ಬಾಗಿ ಎತ್ತತಾರ. ಜಿಮ್ಮಿನವರು ಡೆಡ್‌ಲಿಫ್ಟ್ ಅನ್ನೋದು ಅದಕ್ಕೇ. 5 ಕಿಲೋ ಬ್ಯಾಳಿ ಚೀಲದಿಂದ ಶುರು ಮಾಡ್ರಿ, ಎತ್ತುವಾಗ ಉಸಿರು ಹಿಡೀಬ್ಯಾಡ್ರಿ, ಹೊರಗ ಬಿಡ್ರಿ. ಮೊಣಕಾಲಿಗೆ ಕೈ ಊರದೆ ಕುರ್ಚಿಯಿಂದ ಎದ್ದು ಕೂಡೋದು, ತೋಳಿಗೆ ಗ್ವಾಡಿಗೆ ದಂಡ. ಒಂದೊಂದು 8-10 ಸಲ, ಮೂರು ಸರ್ತಿ, ವಾರಕ್ಕ 2-3 ದಿನ, ನಡುವ ಒಂದು ದಿನ ಬಿಡ್ರಿ. ಕೊನೀ ಎರಡು ಎತ್ತುವಾಗ ಕಷ್ಟ ಅನಿಸಬೇಕು, ಆರಾಮ ಅನಿಸಿದ್ರ ತೂಕ ಏರಸ್ರಿ. ಮೈಕೈ ನೋವು ಆಗ್ತದ, ಅದಕ್ಕ ಹೆದರಬ್ಯಾಡ್ರಿ, ಕೀಲಿನ್ಯಾಗ ಚುಚ್ಚಿದಂಗ ಆದ್ರ ಮಾತ್ರ ನಿಲ್ಲಸ್ರಿ.

ಬೈಂಡರ್ ಹಾಕ್ಕೊಂಡು ಮಾಡಬ್ಯಾಡ್ರಿ, ಎಷ್ಟು ಸಲ ಹೇಳಿದ್ರೂ ಮಂದಿ ಕೇಳಂಗಿಲ್ಲ. ಪಕ್ಕೆಲುಬು ಹಿಗ್ಗಲಿಕ್ಕೆ ಜಾಗ ಇರಂಗಿಲ್ಲ, ಉಸಿರು ಸಾಲಂಗಿಲ್ಲ, ತಲಿ ತಿರುಗ್ತದ. ಸ್ಪೋರ್ಟ್ಸ್ ಬ್ರಾ ಅಂದ್ರ ಮನಸಿಗೆ ಕಷ್ಟ ಅಂತ ಗೊತ್ತದ, ಒಂದು ಸೈಜು ದೊಡ್ಡ ಬನಿಯನ್, ಮ್ಯಾಲ ಸಡಿಲ ಕರೀ ಟಿ-ಶರ್ಟ್ ನಡೀತದ.

ಊಟದಾಗ ಪ್ರೋಟೀನ್ ಕಮ್ಮಿ ಬೀಳ್ತದ ನಮ್ಮವರಿಗೆ. 60 ಕಿಲೋ ಇದ್ದವರಿಗೆ ದಿನಕ್ಕ 60-70 ಗ್ರಾಂ ಇದ್ರ ಚೊಲೋ, ಎರಡು ತತ್ತಿಯಾಗ 12 ಗ್ರಾಂ, 50 ಗ್ರಾಂ ತೊಗರಿ ಬ್ಯಾಳಿಯಾಗ ಸುಮಾರು 11. ತೊಗರಿ ಊರಾಗಿದ್ದು ನೀರಿನಂಥ ಸಾರು ಉಣ್ಣಬ್ಯಾಡ್ರಿ, ರೊಟ್ಟಿ ಕೂಡ ಗಟ್ಟಿ ಬ್ಯಾಳಿ, ಶೇಂಗಾ ಹಿಂಡಿ ಇರ್ಲಿ. ಕಿಡ್ನಿ ತೊಂದ್ರಿ ಇದ್ದವರು ಮೊದಲು ಡಾಕ್ಟರ್‌ಗೆ ಕೇಳ್ರಿ.

ಮುಂದ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಶುರು ಮಾಡಿದ್ರ ಸ್ನಾಯು ಲಗೂನ ಬೆಳೀತದ, ಸ್ನಾಯುನ ಎಲುಬಿಗೆ ಕಟ್ಟಿದ ಹುರಿ ನಿಧಾನ ಗಟ್ಟಿ ಆಗ್ತದ, ಹಂಗಾಗಿ ಹುರುಪಿನ್ಯಾಗ ತೂಕ ಏರಸಬ್ಯಾಡ್ರಿ. ಅಂಡಾಶಯ ತಗಸಿದವರು, ವೃಷಣ ತಗಸಿದ ಟ್ರಾನ್ಸ್ ಅಕ್ಕಂದಿರು, ಹಾರ್ಮೋನ್ ತಾವಾಗೇ ಬಿಟ್ಟುಬಿಟ್ರ ಎಲುಬು ಒಡಿಯೋದು ಹಂಗೇ ಜೋರಾಗ್ತದ.

ಜಿಮ್‌ನಾಗ ಪೂರ್ತಿ ಕಥಿ ಹೇಳೋದು ಬ್ಯಾಡ. ಮೊಣಕಾಲು ನೋವದ, ಎಲುಬು ಗಟ್ಟಿ ಮಾಡ್ಕೋ ಅಂತ ಡಾಕ್ಟರ್ ಹೇಳ್ಯಾರ ಅನ್ರಿ, ಅದ್ರಾಗ ಸುಳ್ಳೇನೂ ಇಲ್ಲ. ಮುಂಜಾನಿ ಆರಕ್ಕ ಹೋಗ್ರಿ, ಮಂದಿ ಕಮ್ಮಿ ಇರ್ತಾರ, ಮತ್ತ ನಮ್ಮ ಬ್ಯಾಸಗಿ 42 ಡಿಗ್ರಿ ಮುಟ್ಟಿದ ಮ್ಯಾಲ ಬೆವರು ಹಾರ್ಮೋನಿಂದೋ ಬಿಸಿಲಿಂದೋ ನನಗೂ ಹೇಳಲಿಕ್ಕೆ ಬರಂಗಿಲ್ಲ.